ಹಿಂದಿನ ಎರಡು ಪುಟ್ಟ ಗಾಲಿಗಳು

ಪಾಲಮ್ಮ,

ಸೋಮವಾರ ರಾಂಪುರದಿಂದ ಸುದ್ದಿ ಬಂತು, ನನ್ನ ತಮ್ಮ ಓಬಣ್ಣ ಗಾಲಿಕುರ್ಚಿ ಸಮೇತ ಹಿಂದಕ್ಕೆ ಬಿದ್ದು ತೀರಿಕೊಂಡನೆಂದು. ಈ ಬೆಳಿಗ್ಗೆ ನಿನ್ನ ಅತ್ತೆಯ ಗಾಲಿಕುರ್ಚಿ ನೋಡಿದೆ. ಹಿಂದಕ್ಕೆ ಮಗುಚದಂತೆ ತಡೆಯುವ ಎರಡು ಪುಟ್ಟ ಗಾಲಿಗಳಿರಲಿಲ್ಲ. ಕೇಳಿದರೆ ನೀನು, "ನಂಗೇನ್ ಗೊತ್ತು ಮಾವ" ಎಂದುಬಿಟ್ಟೆ. ಆಮೇಲೆ ಅವು ಜೋಳದ ಡಬ್ಬದ ಹಿಂದೆ ಸಿಕ್ಕವು.

ಕುರ್ಚಿ ಬಾಗಿಸಿ ದಾಟಿಸುವಾಗ ಹೊಸ್ತಿಲಿಗೆ ತಾಗುತ್ತವೆಂದು ನೀನೇ ಬಿಚ್ಚಿರಬೇಕು. ಹೊಸ್ತಿಲು ತುಳಿಯಬಾರದೆಂದು ನಿನಗೆ ಹೇಳಿಕೊಟ್ಟವನು ನಾನೇ. ಈಗ ನಾನೇ ಹೇಳುತ್ತೇನೆ, ತಾಗಲಿ, ದೇವರು ಮುನಿಯುವುದಿಲ್ಲ.

ಎರಡನ್ನೂ ಟಕ್ ಎನ್ನುವವರೆಗೆ ಒತ್ತಿ ಕೂರಿಸು. ಅತ್ತೆಯನ್ನು ಕುರ್ಚಿಯಿಂದ ಎಬ್ಬಿಸುವ ಮುನ್ನ ಎರಡೂ ಕಡೆ ಬ್ರೇಕ್ ಹಾಕು, ಕಾಲಿಡುವ ಹಲಗೆ ಮಡಚು. ರಾಂಪುರದಲ್ಲಿ ತಮ್ಮನ ಕಾರ್ಯ ಮುಗಿಸಿ ಬಂದೊಡನೆ ಆ ಗಾಲಿಗಳಿವೆಯೇ ಎಂದು ಬಗ್ಗಿ ನೋಡುತ್ತೇನೆ.

ಜಟಿಂಗ ರಾಮೇಶ್ವರ ನನ್ನ ತಮ್ಮನನ್ನು ತನ್ನ ಪಾದದ ಬಳಿ ನೆಮ್ಮದಿಯಾಗಿ ಇರಿಸಿಕೊಳ್ಳಲಿ.