ನೆಟ್ಟಗಾದ ಬೆರಳುಗಳು

ಕ್ಯಾಜ್,

ನಿನ್ನನ್ನು ಶವಪೆಟ್ಟಿಗೆಗೆ ಸಿಂಗರಿಸಿದ ಹೋರ್ವತ್ ಇವತ್ತು ಹೆಮ್ಮೆಯಿಂದ ಮುಚ್ಚಳ ತೆಗೆದ.

“ನೋಡಿ ಮಿಸೆಸ್ ಕುಬಾಲಾ, ನಿಮ್ಮ ಯಜಮಾನರ ಬಲಗೈ ಬೆರಳೆಲ್ಲಾ ನೆಟ್ಟಗೆ ಮಾಡಿದ್ದೀನಿ. ಈಗ ಒಳ್ಳೆ ಬ್ಯಾಂಕ್ ಮ್ಯಾನೇಜರ್ ಕೈ ಥರ ಕಾಣ್ಸುತ್ತೆ!”

ಕೆನ್ನೆಗೆ ಬಾರಿಸಬೇಕೆನ್ನಿಸಿತು. ಬೇಸ್‌ಬಾಲ್ ತಂಡದ ಕ್ಯಾಚರ್ ಆಗಿ, ವರ್ಷಗಟ್ಟಲೆ ಬ್ಯಾಟುಗಾರನ ಹಿಂದೆ ಕುಕ್ಕರಗಾಲಿನಲ್ಲಿ ಕುಳಿತು ಚೆಂಡು ಹಿಡಿಯುತ್ತಾ, ಚೆಂಡಿನ ಏಟಿಗೆ ಒಂದೊಂದಾಗಿ ಮುರಿದುಕೊಂಡ ಬೆರಳುಗಳು ಅವು. ಟೊಲೀಡೊ ಊರಿನ ಪಂದ್ಯದಲ್ಲಿ ಕಿರುಬೆರಳು ಮುರಿದಾಗ ಟೇಪು ಸುತ್ತಿಕೊಂಡು ಆಟ ಮುಗಿಸಿಯೇ ಎದ್ದವನು ನೀನು.

“ಯಾರ್ರೀ ಹೇಳಿದ್ದು ನಿಮಗೆ? ಮತ್ತೆ ಸೊಟ್ಟ ಮಾಡ್ರೀ!” ಎಂದು ಕೂಗಿದೆ.

“ಇನ್ನು ಆಗಲ್ಲ ಮೇಡಂ.”

ಚರ್ಚಿನಲ್ಲಿ ಪ್ರತಿ ಭಾನುವಾರ ನಿನ್ನ ಆ ಕೊಕ್ಕೆಯಂಥ ಕಿರುಬೆರಳಿಗೆ ನನ್ನ ಬೆರಳು ಸಿಕ್ಕಿಸಿಕೊಂಡು ಕೂರುತ್ತಿದ್ದೆನಲ್ಲ? ಇವತ್ತೂ ಸಿಕ್ಕಿಸಲು ಹೋದೆ.

ಜಾರಿಹೋಯಿತು, ಕ್ಯಾಜ್.