ಮುಗಿಸಿದವರ ಹೆಸರು

ಹರಿಹರ, ೩೦ ಫೆಬ್ರುವರಿ ೨೧೬೪

ಶ್ರೀಮತಿ ಸರ್ವಮಂಗಳಾ ಅವರಿಗೆ,

ತಾರೀಖು ತಪ್ಪಾಗಿ ಬಿದ್ದಿಲ್ಲ. ನಮ್ಮಲ್ಲಿ ಈಗ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಉಳಿದ ಐದಾರು ದಿನಗಳನ್ನು ಯಾವ ತಿಂಗಳಿಗೂ ಸೇರಿಸದೆ ರಜೆಯೆಂದು ಬಿಟ್ಟಿದ್ದಾರೆ. ನನ್ನ ಕೆಲವು ಪದಗಳೂ ನಿಮಗೆ ಹೀಗೆಯೇ ವಿಚಿತ್ರವೆನಿಸಬಹುದು, ಕ್ಷಮಿಸಿ. ನಿಮ್ಮ ಕಾಲದ ಪುಸ್ತಕಗಳನ್ನೇ ಓದಿ ಎಂ.ಎ. ಮಾಡಿದವಳು ನಾನು. ಆದಷ್ಟು ನಿಮ್ಮ ಕನ್ನಡದಲ್ಲೇ ಬರೆಯಲು ನೋಡುತ್ತೇನೆ.

ನನ್ನ ಹೆಸರು ಇಂಚರಾ ಹುಲ್ಲೂರು. ನಿಮ್ಮ ಯಜಮಾನರು ಕಟ್ಟಿದ ಹೊಳೆಸಾಲು ಪಂಪ್ಸ್ ಕಂಪನಿ ಇನ್ನೂ ಇದೆ, ತುಂಗಭದ್ರೆಯ ಅದೇ ದಡದಲ್ಲಿದೆ. ದೊಡ್ಡ ಕಂಪನಿಗಳ ನಿರ್ದೇಶಕ ಮಂಡಳಿಯಲ್ಲಿ ಒಬ್ಬ ಮಹಿಳೆಯಾದರೂ ಇರಲೇಬೇಕೆಂದು ನಿಮ್ಮ ಕಾಲದ ಕಾನೂನು ಹೇಳಿದಾಗ ನಿಮ್ಮನ್ನು ಆ ಕುರ್ಚಿಯಲ್ಲಿ ಕೂರಿಸಿದರು. ನಮ್ಮಲ್ಲಿ ಹನ್ನೆರಡು ಕುರ್ಚಿಗಳಲ್ಲಿ ಆರು ಹೆಂಗಸರವು. ಇದಕ್ಕೆ ಅರ್ಧಾಸನ ಎನ್ನುತ್ತೇವೆ. ಸೆಖೆಗೆ ಹೆದರಿ ಸಭೆಗಳು ಬೆಳಗಿನ ಆರಕ್ಕೇ ಶುರುವಾಗುತ್ತವೆ. ತಂಪಿಗೆಂದು ಗೋಡೆಯೊಳಗೆ ಹರಿಸುವ ಹೊಳೆಯ ನೀರಿನ ಸದ್ದು ಸಭೆಯುದ್ದಕ್ಕೂ ಕೇಳುತ್ತದೆ. ಎಂಟಕ್ಕೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಬರುತ್ತವೆ. ನೂರನಲವತ್ತು ವರ್ಷದಲ್ಲಿ ಅದೊಂದನ್ನು ಬದಲಾಯಿಸುವ ಧೈರ್ಯ ಯಾರಿಗೂ ಬಂದಿಲ್ಲ.

ನಾನು ಆ ಸಭೆಯ ನಡಾವಳಿ ಬರೆಯುತ್ತಿದ್ದವಳು. ಯಾರ ದನಿಯನ್ನು ಬೇಕಾದರೂ ಯಂತ್ರ ಸೃಷ್ಟಿಸಬಲ್ಲದಾದ ಮೇಲೆ ಧ್ವನಿಮುದ್ರಣವನ್ನು ಯಾವ ನ್ಯಾಯಾಲಯವೂ ನಂಬುವುದಿಲ್ಲ. ಮನುಷ್ಯರು ಕೈಯಲ್ಲಿ ಬರೆದು ಸಹಿ ಹಾಕಿದ್ದಕ್ಕೆ ಮಾತ್ರ ಬೆಲೆ. ಸಾಹಿತ್ಯ ಓದಿದವರಿಗೆ ಕೊನೆಗೂ ಕೆಲಸ ಸಿಕ್ಕಿದ್ದು ಹೀಗೆ. ನಾಲ್ಕು ಜನರ ನಡುವೆ ಬಾಯಿ ತೆರೆಯಲು ಅಂಜುವ ನನಗೆ ಮೂಲೆಯಲ್ಲಿ ಕೂತು ಬರೆಯುವ ಈ ಕೆಲಸ ಹೇಳಿ ಮಾಡಿಸಿದಂತಿತ್ತು. ಸಭೆಯಲ್ಲಿ ಕಿವಿಗೆ ಬಿದ್ದದ್ದನ್ನೆಲ್ಲ ಕಚ್ಚಾ ಪುಸ್ತಕದಲ್ಲಿ ಗೀಚುತ್ತಿದ್ದೆ. ಮನೆಗೆ ಹೋಗಿ ಪಕ್ಕಾ ಪ್ರತಿ ಮಾಡುತ್ತಿದ್ದೆ. ಪಕ್ಕಾ ಪ್ರತಿಗೊಂದು ಪದ್ಧತಿಯಿದೆ, ನನ್ನ ಹಿಂದಿನವರು ಕಲಿಸಿದ್ದು: ಒಂದು ವಿಷಯಕ್ಕೆ ಎಷ್ಟೇ ಜನ ಮಾತಾಡಲಿ, ಅದನ್ನು ಮುಗಿಸಿದವರ ಹೆಸರಿನಲ್ಲಿ ಸಲಹೆಯನ್ನು ಬರೆಯಬೇಕು. ಚೊಕ್ಕಟವಾಗಿದೆ ಎಂದುಕೊಂಡು ಮೂರು ವರ್ಷ ಹಾಗೆಯೇ ಬರೆದೆ.

ಅರ್ಧಾಸನ ಶಾಶ್ವತವಲ್ಲ. ಹನ್ನೆರಡು ವರ್ಷಕ್ಕೊಮ್ಮೆ, ಅದರಿಂದ ಉಪಯೋಗವಿಲ್ಲವೆಂದು ಕಳೆದ ಮೂರು ವರ್ಷದ ನಡಾವಳಿಯಿಂದ ತೋರಿಸಿದರೆ ಕಂಪನಿ ಅದನ್ನು ಕೈಬಿಡಬಹುದು. ಕಳೆದ ತಿಂಗಳು ನಮ್ಮ ಸರದಿ ಬಂತು. ಅಧ್ಯಕ್ಷ ಪಂಪಾಪತಿಯವರು ನನ್ನ ಪಕ್ಕಾ ಪ್ರತಿಯನ್ನು ಮೇಜಿನ ಮೇಲಿಟ್ಟರು. ಕೆಟ್ಟವರಲ್ಲ, ದನಿ ದೊಡ್ಡದು, ಅಷ್ಟೆ.

"ನಾನು ಹೇಳಾದಲ್ಲ, ಪುಸ್ತಕ ಹೇಳ್ತೈತಿ," ಎಂದರು. "ಮೂರು ವರ್ಷದಾಗೆ ನಲವತ್ತೊಂದು ಸಲಹೆ. ಅದ್ರಾಗೆ ಹೆಣ್ಮಕ್ಕಳದ್ದು ಐದು. ಬ್ಯಾಸರ ಮಾಡ್ಕಬ್ಯಾಡ್ರಿ, ಇದ್ದದ್ದು ಹೇಳಿದೆ."

ಮಂಡಳಿಯಲ್ಲಿ ಎಲ್ಲರಿಗಿಂತ ಕಿರಿಯ ನಿರ್ದೇಶಕಿ ಶಾಲ್ಮಲಿಯವರೂ ಅವರ ಕಡೆಗೇ ನಿಂತರು. "ನಾನು ಹೆಣ್ಣು ಅನ್ನೋ ಕಾರಣಕ್ಕೆ ಇಲ್ಲಿಗೆ ಬಂದಿಲ್ಲ. ನನ್ನ ಕುರ್ಚಿಗೆ ಯಾವ ನಿಯಮದ ಹಂಗೂ ಬೇಡ. ತೆಗೆದುಹಾಕಿ."

ಮತಕ್ಕೆ ಹಾಕುವ ಮುನ್ನ ನಡಾವಳಿ ಸರಿಯಿದೆಯೆಂದು ಬರೆದವರು ಸಹಿ ಮಾಡಬೇಕು. ಪುಸ್ತಕ ನನ್ನ ಮುಂದೆ ಬಂತು. ಒಂಬತ್ತನೆಯ ಸಲಹೆ ತೆರೆದಿತ್ತು: "ಪ್ರವಾಹದಲ್ಲಿ ಮೋಟಾರು ಮುಳುಗದಂತೆ ತೇಲುವ ಪೀಠದ ಮೇಲೆ ಇಡುವುದು. ಸಲಹೆ: ಅಧ್ಯಕ್ಷರು." ಆ ದಿನ ನನಗೆ ಚೆನ್ನಾಗಿ ನೆನಪಿದೆ. ಎರಕದ ವಿಭಾಗದಲ್ಲಿ ಮೂವತ್ತು ವರ್ಷ ದುಡಿದು ನಿರ್ದೇಶಕಿಯಾದ ಕೊಟ್ರವ್ವ ಬಣಕಾರರು ಅದನ್ನು ಚಿತ್ರ ಬರೆದು ವಿವರಿಸಿದ್ದರು. ಹತ್ತು ನಿಮಿಷ ಅವರಿವರು ಮಾತಾಡಿದ ಮೇಲೆ ಪಂಪಾಪತಿಯವರು, "ಅಂದ್ರೆ ಮೋಟಾರು ತೇಲಿಸ್ಬೇಕು, ಅಷ್ಟೇ ಹೌದಿಲ್ಲೋ? ಆತು, ಬರ್ಕಳಮ್ಮ," ಎಂದಿದ್ದರು. ನಾನು ಬರೆದುಕೊಂಡಿದ್ದೆ. ಇಂದು ನಮ್ಮ ಕಂಪನಿಯನ್ನು ಸಾಕುತ್ತಿರುವುದು ಆ ತೇಲುಪೀಠವೇ.

ಕದ್ದವರು ಯಾರೂ ಇರಲಿಲ್ಲ. ಹಾಗೆ ಬರೆ ಎಂದು ಯಾರೂ ನನ್ನನ್ನು ಹೆದರಿಸಿರಲಿಲ್ಲ. ಹೆಣ್ಣಾಗಿ, ಅರ್ಧಾಸನದ ಪರವೇ ಆಗಿ, ನನ್ನ ಕೈಯಾರೆ ಆ ಹೆಂಗಸರ ಬಾಯಿ ಕಟ್ಟಿದ್ದೆ.

"ಸಹಿ ಮಾಡೋದಿಲ್ಲ," ಎಂದೆ. ನನ್ನ ದನಿ ನನಗೇ ಕೇಳಿಸಲಿಲ್ಲ.

"ಏನಂದ್ಯವ್ವ?" ಎಂದರು ಕೊಟ್ರವ್ವ. "ನೀರಿನ ಸದ್ದಿನಾಗೆ ಕೇಳಿಸ್ಲಿಲ್ಲ. ಜೋರಾಗಿ ಅನ್ನು."

"ಸಹಿ ಮಾಡೋದಿಲ್ಲ. ಪಕ್ಕಾ ಪ್ರತಿ ತಪ್ಪಾಗಿದೆ. ತಪ್ಪು ಮಾಡಿದವಳು ನಾನು. ಕಚ್ಚಾ ಪುಸ್ತಕ ಓದೋಕೆ ಬಿಡಿ."

ತಪ್ಪು ಬರೆದೆನೆಂದು ಒಪ್ಪಿಕೊಂಡ ಕೈ ಮತ್ತೆ ನಡಾವಳಿ ಬರೆಯುವಂತಿಲ್ಲ. ಇದು ಕಾನೂನು. ಪಂಪಾಪತಿಯವರು ಅದನ್ನು ನೆನಪಿಸಿದರು. "ವಿಚಾರ ಮಾಡು ತಾಯಿ. ಒಂದು ಸಹಿಗೋಸ್ಕರ ಕೆಲಸ ಕಳ್ಕಂತೀಯಾ?" ಆ ಮಾತಿನಲ್ಲಿ ಕನಿಕರವಿತ್ತು. ಅದಕ್ಕೇ ಇನ್ನಷ್ಟು ಸಿಟ್ಟು ಬಂತು. ಎದ್ದು ನಿಂತು ಓದತೊಡಗಿದೆ.

ನಲವತ್ತೊಂದನ್ನೂ ಓದಿದೆ. ಯಾರು ಮೊದಲು ಹೇಳಿದರು, ಯಾರು ನಡುವೆ ಬಾಯಿ ಹಾಕಿದರು, ಯಾರು ಅದನ್ನೇ ತಿರುಗಿಸಿ ಹೇಳಿದರು, ಎಲ್ಲವೂ ಆ ಗೀಚಿನಲ್ಲಿತ್ತು. ಮಂಡಕ್ಕಿ ಬಂದು ಮೆತ್ತಗಾಯಿತು, ಯಾರೂ ಮುಟ್ಟಲಿಲ್ಲ. ಒಂಬತ್ತನೆಯದನ್ನು ಓದಿದಾಗ ಪಂಪಾಪತಿಯವರು ಕನ್ನಡಕ ತೆಗೆದು ಒರೆಸಿದರು. "ಹೌದು, ಅದು ಕೊಟ್ರವ್ವಂದು," ಎಂದರು. "ಆದ್ರೆ ಆವತ್ತು ಆಕೀನೂ ಏನೂ ಅನ್ಲಿಲ್ಲ."

"ಅನ್ನಾಕೆ ಎಲ್ಲಿ ಬಿಟ್ರಿ?" ಎಂದರು ಕೊಟ್ರವ್ವ. "ನಾನು ಬಾಯಿ ತೆಗಿಯಾದ್ರೊಳಗೆ ನಿಮ್ಮ ಮುಂದಿನ ವಿಷಯ ಅರ್ಧ ದಾರಿಗೆ ಹೋಗಿತ್ತು."

ಎಲ್ಲರೂ ನಕ್ಕರು, ಪಂಪಾಪತಿಯವರೂ. ಹದಿನೇಳನೆಯದನ್ನು ಓದುವ ತನಕ ನಗು ಉಳಿದಿತ್ತು. ಅದು ಬಿಡಿಭಾಗಗಳನ್ನು ಹಳ್ಳಿಗಳಲ್ಲೇ ತಯಾರಿಸುವ ಸಲಹೆ. ಪಕ್ಕಾ ಪ್ರತಿಯಲ್ಲಿ ಒಬ್ಬ ಹಿರಿಯ ನಿರ್ದೇಶಕರ ಹೆಸರಿತ್ತು, ಕಚ್ಚಾ ಪುಸ್ತಕದಲ್ಲಿ ಶಾಲ್ಮಲಿಯವರದು. ಅವರು ನನ್ನನ್ನೇ ನೋಡಿದರು. "ಇನ್ನೊಂದ್ಸಲ ಓದಿ," ಎಂದರು. ಓದಿದೆ. "ನಾನು ಹೇಳಿದ್ದನ್ನ ನಾನೇ ಮರೆತಿದ್ದೆ. ಅವರದ್ದೇ ಅಂದ್ಕೊಂಡು ಅವರಿಗೆ ಅಭಿನಂದನೆ ಕೂಡ ಹೇಳಿದ್ದೆ," ಎಂದು ಮೆಲ್ಲಗೆ ಹೇಳಿದರು.

ಎಣಿಸಿದಾಗ ಹೆಂಗಸರ ಸಲಹೆಗಳು ಇಪ್ಪತ್ತಮೂರಾದವು. ಏಳಕ್ಕೆ ಐದು ಮತಗಳಿಂದ ಅರ್ಧಾಸನ ಉಳಿಯಿತು. ಶಾಲ್ಮಲಿಯವರು ಉಳಿಸುವವರ ಜೊತೆ ಕೈಯೆತ್ತಿದರು, ಪಂಪಾಪತಿಯವರು ಎತ್ತಲಿಲ್ಲ. ನನ್ನ ಕೆಲಸ ಅವತ್ತೇ ಹೋಯಿತು. ಯೋಗ್ಯತೆಯಿದ್ದವರು ತಾವಾಗಿ ಮೇಲೆ ಬರುತ್ತಾರೆ ಎಂದು ನಿಮ್ಮ ಕಾಲದಲ್ಲೂ ಹೇಳುತ್ತಿದ್ದರಂತೆ. ಬರುತ್ತಾರೆ, ಬಂದು ಮಾತನ್ನೂ ಆಡುತ್ತಾರೆ. ಬರೆಯುವ ಕೈಗಳಿಗೆ ಅದು ಕೇಳಿಸುವ ತನಕ ಕುರ್ಚಿ ಬಿಟ್ಟುಕೊಡಿ ಎಂದು ಯಾರೂ ನಮಗೆ ಹೇಳಬೇಕಾಗಿಲ್ಲ. ಒಂದು ಕುರ್ಚಿಯನ್ನೂ ಬಿಟ್ಟುಕೊಡುವುದಿಲ್ಲ.

ಕೆಲಸ ಒಪ್ಪಿಸುವ ಮುನ್ನ ಹಳೆಯ ನಡಾವಳಿಗಳನ್ನು ಜೋಡಿಸಿಡಲು ಹೇಳಿದರು. ಅಲ್ಲಿ ನಿಮ್ಮನ್ನು ಕಂಡೆ. ಹನ್ನೊಂದು ವರ್ಷ, ಪ್ರತಿ ಸಭೆಯಲ್ಲೂ ಒಂದೇ ಸಾಲು: "ಶ್ರೀಮತಿ ಸರ್ವಮಂಗಳಾ: ಹಾಜರು." ನಿಮ್ಮನ್ನು ಸುಮ್ಮನೆ ಕೂತ ಗೊಂಬೆಯೆಂದೇ ಭಾವಿಸಿದ್ದೆ, ಒಂದು ಪುಟದ ಕೊನೆಗೆ ಬರುವವರೆಗೆ: "ಶ್ರೀಮತಿ ಸರ್ವಮಂಗಳಾ ಅವರು ಒಂದು ಪ್ರಶ್ನೆ ಕೇಳಿದರು. ನಂತರ ಚಹಾ."

ಪ್ರಶ್ನೆ ಏನೆಂದು ಎಲ್ಲೂ ಇಲ್ಲ. ಆ ಪುಟವನ್ನು ಬೆಳಕಿಗೆ ಹಿಡಿದೂ ನೋಡಿದೆ, ಹಿಂದೆ ಮುಂದೆ ತಿರುವಿದೆ. ಆಮೇಲೆ ಈ ಕಾಗದ ಬರೆಯಲು ಕೂತೆ. ಇದು ಆ ಸಭೆಗೆ ಮೊದಲೇ ನಿಮ್ಮ ಕೈಸೇರಲಿ ಎಂದು ಆಸೆ. ನನಗೆ ನಿಮ್ಮಿಂದ ಬೇಕಾದದ್ದು ಇಷ್ಟೇ: ಆ ಪ್ರಶ್ನೆಯನ್ನು ಕೇಳಿದ ಮೇಲೆ ಕೂರಬೇಡಿ. ಚಹಾ ಬಂದರೆ ಬರಲಿ, ಯಜಮಾನರು ಕಣ್ಣು ಬಿಟ್ಟರೆ ಬಿಡಲಿ. ಬರೆಯುವವರು ಪೆನ್ನು ಮುಚ್ಚಿಟ್ಟಿದ್ದರೆ ಮತ್ತೆ ತೆರೆಯಲು ಹೇಳಿ. ಅವರು ಬರೆದು ಮುಗಿಸುವವರೆಗೂ ಪಕ್ಕದಲ್ಲೇ ನಿಂತಿರಿ.

ನಿಮ್ಮ
ಇಂಚರಾ