ಲಾಭ ಹುಟ್ಟುವ ಕೋಣೆ

ಸೋಮವಾರ, ಮಧ್ಯಾಹ್ನ

ಪ್ರೀತಿಯ ಅಕ್ಕಾ,

ನಿನ್ನ ಕಾಗದ ತಲುಪಿತು. ಫೋನು ಮಾಡದೆ ಬರೆಯುತ್ತಿದ್ದೇನೆ. ನನ್ನ ಕೈಯಲ್ಲಿರುವ ಫೋನು ಕಂಪನಿಯದು. ಮ್ಯಾನೇಜರು ಊಟಕ್ಕೆ ಹೋಗಿದ್ದಾರೆ. ಲಿಫ್ಟಿನ ಸದ್ದಾದಾಗಲೆಲ್ಲ ಹಾಳೆಯನ್ನು ಟಪಾಲಿನ ಅಡಿಗೆ ತಳ್ಳುತ್ತಿದ್ದೇನೆ. ಅಕ್ಷರ ಅಡ್ಡಾದಿಡ್ಡಿಯಾದರೆ ಬೈಯಬೇಡ.

ಪರದೇಶದಲ್ಲಿ ಅದೇನು ಕೆಲಸವೇ ಎಂದು ನೀನು ಕೇಳಿದಾಗಲೆಲ್ಲ ಮಾತು ಹಾರಿಸಿದ್ದೇನೆ. ಕೆಲಸವೇ ಇಲ್ಲ ಅಕ್ಕ. ಬಾಗಿಲು ತೆಗೆಯುತ್ತೇನೆ, ದೀಪ ಹಾಕುತ್ತೇನೆ, ಬಂದ ಟಪಾಲು ಎತ್ತಿಡುತ್ತೇನೆ. ಒಂದು ಮೇಜು, ಎರಡು ಕುರ್ಚಿ, ಗೋಡೆಯ ಮೇಲೆ ಕಂಪನಿಯ ಹೆಸರು. ಅಲ್ಲಿ ಊರಿನ ಕಾರ್ಖಾನೆಯಲ್ಲಿ ನೀವು ಕನ್ನಡಕದ ಗಾಜು ಉಜ್ಜಿ ಹೊಳಪು ಕೊಡುತ್ತೀರಿ. ಅದರ ಲಾಭ ಮಾತ್ರ ಲೆಕ್ಕದ ಪ್ರಕಾರ ಈ ಕೋಣೆಯಲ್ಲಿ ಹುಟ್ಟುತ್ತದೆ. ಇಲ್ಲಿ ತೆರಿಗೆ ನಮ್ಮಲ್ಲಿಯ ಅರ್ಧವೂ ಇಲ್ಲ.

ಹೋದ ತಿಂಗಳು ನಮ್ಮ ದೇಶದ ತೆರಿಗೆ ಅಧಿಕಾರಿಯೊಬ್ಬರು ಬಂದಿದ್ದರು. ವಯಸ್ಸಾದವರು, ಮೆತ್ತಗಿನ ಮಾತು. ಕೋಣೆಯನ್ನೆಲ್ಲ ನೋಡಿ, "ಇಷ್ಟೊಂದು ಲಾಭಾನ ನೀನೊಬ್ಬಳೇ ಮಾಡ್ತೀಯೇನಮ್ಮ? ಹಾಗಾದ್ರೆ ನಿಂಗೆ ಕೊಡೋ ಸಂಬಳ ಸಾಲದು ಬಿಡು" ಅಂದರು. ನಾನೂ ನಕ್ಕೆ. ದುಡಿಯುವ ಜನರೇ ಇಲ್ಲದ ಕಡೆ ಲಾಭ ತೋರಿಸಿದರೆ ಇನ್ನು ಮುಂದೆ ಒಪ್ಪುವುದಿಲ್ಲವಂತೆ, ತೆರಿಗೆ ನಮ್ಮ ದೇಶದಲ್ಲೇ ಕಟ್ಟಬೇಕಂತೆ.

ಸರಿ, ಲಾಭ ಊರಿಗೆ ವಾಪಸು ಹೋಗುತ್ತದೆ ಎಂದುಕೊಂಡೆ. ಅವರು ಹೋದ ಮೇಲೆ ಮ್ಯಾನೇಜರು, "ಜನ ಬೇಕು ತಾನೇ? ಜನಾನೇ ಇಲ್ಲಿ ತೋರಿಸೋಣ" ಅಂದರು. ಅಂದಿನಿಂದ ದಿನಾ ತಮಾಷೆಯ ಹಾಗೆ ಒಂದೇ ಪ್ರಶ್ನೆ: "ನಿಮ್ಮಕ್ಕ ನಮ್ಮ ಕಾರ್ಖಾನೇಲೇ ಅಲ್ವಾ? ಅಕ್ಕತಂಗೀರ ಬಾಯಲ್ಲಿ ಮಾತು ನಿಲ್ಲುತ್ತಾ?" ನಿಲ್ಲುತ್ತೆ ಸಾರ್ ಎನ್ನುತ್ತೇನೆ. ಈ ಕೆಲಸ ಹೋದರೆ ನಾನು ಇಲ್ಲಿ ಒಂದು ವಾರವೂ ಇರುವಂತಿಲ್ಲ, ಗೊತ್ತಲ್ಲ.

ಇನ್ನು ನಿನ್ನ ವಿಷಯ. ಕನ್ನಡಕದ ಅಂಗಡಿಯವರು ತಾವಾಗಿ ಕೆಲಸಕ್ಕೆ ಕರೆದಿದ್ದರೂ ಒಲ್ಲೆ ಎನ್ನುತ್ತೇನೆ ಎಂದು ಬರೆದಿದ್ದೀಯ. ನಿನ್ನ ಯಂತ್ರ ರಿಪೇರಿಗೆ ಹೋಗಿದೆ, ಬರುವ ತನಕ ಮನೇಲಿರು ಎಂದು ಮೇಸ್ತ್ರಿ ಹೇಳಿದರಂತೆ. "ಯಂತ್ರಕ್ಕೂ ರಜಾ, ನಂಗೂ ರಜಾ ಕಣೇ" ಎಂಬ ನಿನ್ನ ಸಾಲನ್ನು ಎಷ್ಟು ಸಲ ಓದಿದೆನೋ. ನಗು ಬರಲಿಲ್ಲ.

ಅಕ್ಕ, ಅಂಗಡಿಯವರಿಗೆ ಹೂಂ ಅನ್ನು. ಈ ಕಾಗದ ಕೈಸೇರಿದ ದಿನವೇ ಹೋಗಿ ಅನ್ನು. ಅವರು ಬೇರೆ ಯಾರನ್ನಾದರೂ ತೆಗೆದುಕೊಂಡುಬಿಟ್ಟರೆ ಎಂದು ನೆನೆದರೇ ಭಯವಾಗುತ್ತದೆ. ಮೇಸ್ತ್ರಿಯನ್ನು ಏನೂ ಕೇಳಬೇಡ. ಓದಿದ ಮೇಲೆ ಇದನ್ನು ಹರಿದುಹಾಕು.

ಲಿಫ್ಟು ಮೇಲೆ ಬರುತ್ತಿದೆ.

ಇಲ್ಲಿ ಕೂತು ನಿನ್ನನ್ನೇ ನೆನೆಯುತ್ತಿರುವ,
ನಿನ್ನ ಪುಟ್ಟಿ

ತಾ.ಕ.: ಏಕೆ ಎಂದು ಹೇಳದಿದ್ದರೆ ನೀನು ಹೋಗುವವಳಲ್ಲ. ಶನಿವಾರ ಇಲ್ಲಿ ನಮ್ಮ ಕೆಳಗಿನ ಮಹಡಿಗೆ ಯಂತ್ರ ತುಂಬಿದ ಮರದ ಪೆಟ್ಟಿಗೆಗಳು ಬಂದವು. ಸಹಿ ಹಾಕಿ ಇಳಿಸಿಕೊಂಡವಳು ನಾನೇ. ಒಂದು ಯಂತ್ರದ ಹಿಡಿಗೆ ನನ್ನ ಹಳೆಯ ಹಳದಿ ಫ್ರಾಕಿನ ಚೂರು ಸುತ್ತಿತ್ತು, ಅಂಗೈಗೆ ಒತ್ತುತ್ತದೆಂದು ನೀನು ಸುತ್ತಿಕೊಂಡದ್ದು. ಅದಕ್ಕೆ ರಿಪೇರಿ ಏನೂ ಇಲ್ಲ ಅಕ್ಕ. ಗುಂಡಿ ಒತ್ತಿದ ಕೂಡಲೇ ತಿರುಗಿತು.